ಹೆಸರು ಭಾರತದ್ದು, ಮುಖ ಪರರದ್ದು: 'ಸ್ಟಾರ್ ಟ್ರೆಕ್' ಖಳನಾಯಕ ಖಾನ್‌ನ ಪುನರಾಗಮನಕ್ಕೆ ಪ್ರೇಕ್ಷಕರು ಏನೆನ್ನುತ್ತಾರೆ?

ಯಕ್ಷಗಾನ ನೋಡುತ್ತ ಬೆಳೆದವರಿಗೆ ಖಳನಾಯಕ ಮತ್ತೆ ಮತ್ತೆ ಬರುವುದು ಹೊಸ ಸಂಗತಿಯೇನೂ ಅಲ್ಲ. ಕಳೆದ ವರ್ಷ ದೇವಿಯ ಕೈಯಲ್ಲಿ ಹತನಾದ ಮಹಿಷಾಸುರ ಈ ವರ್ಷವೂ ಬೆಂಕಿಯ ಬೆಳಕಿನಲ್ಲಿ ಪ್ರೇಕ್ಷಕರ ನಡುವಿನಿಂದಲೇ ಅಬ್ಬರಿಸುತ್ತ ರಂಗಸ್ಥಳಕ್ಕೆ ಬರುತ್ತಾನೆ. ಬೆಳಗಾದ ಮೇಲೆ ಚಹಾದಂಗಡಿಯಲ್ಲಿ ನಡೆಯುವ ಚರ್ಚೆ ಕಥೆಯ ಬಗ್ಗೆ ಅಲ್ಲವೇ ಅಲ್ಲ. ಈ ಸಲದ ಮಹಿಷ ಹೇಗಿದ್ದ, ಹಿಂದಿನ ವೇಷಧಾರಿಯ ಗತ್ತು ಇವನಿಗೆ ಬಂತೇ, ಆ ಪಾತ್ರ ಇವನಿಗೆ ಒಪ್ಪುತ್ತದೆಯೇ ಎಂಬುದೇ ಮಾತು. ಇಂಥದೇ ಚರ್ಚೆಯೊಂದು ಸಾಗರದಾಚೆ ಅಮೆರಿಕದ ವೈಜ್ಞಾನಿಕ ಕಥಾಸರಣಿಯೊಂದರ ಸುತ್ತ ನಾಲ್ಕು ದಶಕಗಳಿಂದ ನಡೆಯುತ್ತಿದೆ. ಅದರ ಕೇಂದ್ರದಲ್ಲಿರುವ ಖಳನಾಯಕನಿಗೆ ಇಟ್ಟಿರುವುದು ಭಾರತೀಯ ಹೆಸರು ಎಂಬುದು ನಮ್ಮವರ ಗಮನಕ್ಕೆ ಬಂದಿರುವುದು ಕಡಿಮೆ.

ಆ ಸರಣಿ 'ಸ್ಟಾರ್ ಟ್ರೆಕ್'. ಆ ಖಳನಾಯಕ ಖಾನ್ ನೂನಿಯನ್ ಸಿಂಗ್.

1980ರ ದಶಕದಲ್ಲಿ ಭಾನುವಾರದ ಬೆಳಿಗ್ಗೆ ದೂರದರ್ಶನದ ಮುಂದೆ ಕುಳಿತವರಿಗೆ 'ಎಂಟರ್‌ಪ್ರೈಸ್' ಎಂಬ ಅಂತರಿಕ್ಷ ನೌಕೆ, ಅದರ ಕ್ಯಾಪ್ಟನ್ ಕರ್ಕ್ ಹಾಗೂ ಚೂಪು ಕಿವಿಯ ಸ್ಪಾಕ್ ಅಪರಿಚಿತರಲ್ಲ. ಆದರೆ ಖಾನ್ ಮೊದಲ ಸಲ ಕಾಣಿಸಿಕೊಂಡದ್ದು ಅದಕ್ಕೂ ಬಹಳ ಹಿಂದೆ. 1967ರ ಫೆಬ್ರವರಿ 16ರಂದು ಅಮೆರಿಕದ ಎನ್‌ಬಿಸಿ ವಾಹಿನಿಯಲ್ಲಿ ಪ್ರಸಾರವಾದ 'ಸ್ಪೇಸ್ ಸೀಡ್' ಎಂಬ ಕಂತಿನಲ್ಲಿ ಅವನ ಪ್ರವೇಶವಾಯಿತು. ಆ ಬಳಿಕ 1982ರಲ್ಲಿ ಬೆಳ್ಳಿತೆರೆಗೆ, 2013ರಲ್ಲಿ ಬೇರೆ ನಟನ ರೂಪದಲ್ಲಿ ಮತ್ತೆ ಬೆಳ್ಳಿತೆರೆಗೆ, 2023ರಲ್ಲಿ ಬಾಲಕನಾಗಿ ಕಿರುತೆರೆಗೆ, 2025ರಲ್ಲಿ ಕೇವಲ ಧ್ವನಿಯಾಗಿ ಕೇಳುಗರ ಕಿವಿಗೆ, ಹೀಗೆ ಅವನು ಬರುತ್ತಲೇ ಇದ್ದಾನೆ. ಪ್ರತಿಸಲ ಬಂದಾಗಲೂ ಪ್ರೇಕ್ಷಕರು ಎರಡು ಪಂಗಡವಾಗಿದ್ದಾರೆ.

ಸಿಖ್ ಎಂದರು, ಪೇಟ ಚಿತ್ರದಲ್ಲಿ ಮಾತ್ರ

ಮೂಲ ಕಥೆ ಹೀಗಿದೆ. 20ನೇ ಶತಮಾನದ ಕೊನೆಯಲ್ಲಿ ವಿಜ್ಞಾನಿಗಳು ಅಸಾಮಾನ್ಯ ಬಲ, ಬುದ್ಧಿ ಇರುವ ಮಾನವ ತಳಿಯೊಂದನ್ನು ಸೃಷ್ಟಿಸುತ್ತಾರೆ. ಆ ಅತಿಮಾನವರು ಜಗತ್ತನ್ನೇ ಆಳಲು ಹೊರಟು ಮಹಾಯುದ್ಧವಾಗುತ್ತದೆ. 1992ರಿಂದ 1996ರ ವರೆಗೆ ಭೂಮಿಯ ಕಾಲುಭಾಗಕ್ಕೂ ಹೆಚ್ಚು ಪ್ರದೇಶವನ್ನು ಆಳಿದವನು ಖಾನ್. ಸೋತ ಮೇಲೆ ಸಂಗಡಿಗರೊಂದಿಗೆ 'ಬಾಟನಿ ಬೇ' ಎಂಬ ನೌಕೆಯನ್ನೇರಿ ಶೀತನಿದ್ರೆಯಲ್ಲಿ ಮಲಗಿ ಆಕಾಶಕ್ಕೆ ಪರಾರಿಯಾಗುತ್ತಾನೆ. ಎರಡು ಶತಮಾನಗಳ ಅನಂತರ ಕರ್ಕ್‌ನ ನೌಕೆ ಅವನನ್ನು ಕಂಡು ಎಬ್ಬಿಸುತ್ತದೆ. ಎದ್ದವನು ಉಪಕಾರ ಸ್ಮರಿಸುವ ಬದಲು ನೌಕೆಯನ್ನೇ ವಶಪಡಿಸಿಕೊಳ್ಳಲು ಹೊರಟು ಸೋಲುತ್ತಾನೆ. ಕರ್ಕ್ ಅವನನ್ನು ಕೊಲ್ಲುವುದಿಲ್ಲ, ಸೆರೆಮನೆಗೂ ಕಳುಹಿಸುವುದಿಲ್ಲ. ಸೀಟಿ ಆಲ್ಫಾ 5 ಎಂಬ ನಿರ್ಜನ ಗ್ರಹದಲ್ಲಿ ಸಂಗಡಿಗರೊಂದಿಗೆ ಬಿಟ್ಟು, ಸಾಧ್ಯವಾದರೆ ಬದುಕಿ ರಾಜ್ಯ ಕಟ್ಟಿಕೊಳ್ಳಿ ಎಂದು ಹೊರಟುಬಿಡುತ್ತಾನೆ. ಖಾನ್‌ನನ್ನು ಮೋಹಿಸಿದ ನೌಕೆಯ ಚರಿತ್ರೆಕಾರ್ತಿ ಮಾರ್ಲಾ ಮೆಕ್‌ಗಿವರ್ಸ್ ಸಹ ಅವನ ಜತೆಯಲ್ಲೇ ಉಳಿಯುತ್ತಾಳೆ.

ಮಲಗಿದ್ದ ಖಾನ್‌ನ ಮುಖವನ್ನು ಮೊದಲ ಬಾರಿ ನೋಡಿ, ಇವನು ಉತ್ತರ ಭಾರತದವನು, ಬಹುಶಃ ಸಿಖ್ ಎಂದು ಗುರುತಿಸುವವಳೂ ಈ ಚರಿತ್ರೆಕಾರ್ತಿಯೇ. ಆಕೆ ಬರೆದ ವರ್ಣಚಿತ್ರದಲ್ಲಿ ಖಾನ್‌ನ ತಲೆಯ ಮೇಲೆ ಪೇಟವೂ ಇದೆ. ಚಿತ್ರದ ಹೊರಗೆ ಮಾತ್ರ ಪೇಟವಿಲ್ಲ, ಗಡ್ಡವಿಲ್ಲ, ಕೈಯಲ್ಲಿ ಕಡಗವಿಲ್ಲ. ಇನ್ನು ಹೆಸರಿನ ವಿಚಾರ. ಹಿಂದೆ ಖಾನ್, ಮುಂದೆ ಸಿಂಗ್. ನಡುವಿನ ನೂನಿಯನ್ ಎಂಬುದು ಪಂಜಾಬಿನಿಂದ ಕನ್ಯಾಕುಮಾರಿಯ ವರೆಗೆ ಹುಡುಕಿದರೂ ಸಿಗುವಂಥದ್ದಲ್ಲ. ಸರಣಿಯ ನಿರ್ಮಾತೃ ಜೀನ್ ರಾಡೆನ್‌ಬೆರಿ ಎರಡನೇ ಮಹಾಯುದ್ಧದ ಕಾಲದ ತನ್ನ ಗೆಳೆಯನೊಬ್ಬನ ಹೆಸರನ್ನು ಇಟ್ಟಿದ್ದರು, ದೂರವಾದ ಆ ಗೆಳೆಯ ಎಲ್ಲಾದರೂ ಇದನ್ನು ಕೇಳಿ ತನ್ನನ್ನು ಸಂಪರ್ಕಿಸಿಯಾನು ಎಂಬ ಆಸೆ ಅವರಿಗಿತ್ತು ಎಂದು ಹೇಳಲಾಗುತ್ತದೆ. ಅದಕ್ಕೂ ಮುಂಚಿನ ಕರಡಿನಲ್ಲಿ ಈ ಪಾತ್ರ ಭಾರತದವನೇ ಆಗಿರಲಿಲ್ಲ, ಉತ್ತರ ಯುರೋಪಿನ ಮೂಲದವನಾಗಿತ್ತು. ಮೆಕ್ಸಿಕೊದಲ್ಲಿ ಹುಟ್ಟಿದ ನಟ ರಿಕಾರ್ಡೊ ಮೊಂಟಾಲ್ಬಾನ್ ಆಯ್ಕೆಯಾದ ಮೇಲೆ ಹೆಸರು, ನಾಡು ಎರಡೂ ಬದಲಾದವು. ಅಂದರೆ ನಟನಿಗಾಗಿ ಪಾತ್ರ ಭಾರತೀಯವಾಯಿತೇ ಹೊರತು ಪಾತ್ರಕ್ಕಾಗಿ ಭಾರತೀಯ ನಟನನ್ನು ಯಾರೂ ಹುಡುಕಲಿಲ್ಲ.

ಹಾಗೆಂದು ಆ ಕಂತನ್ನು ತಳ್ಳಿಹಾಕುವಂತಿಲ್ಲ. ಭಾರತ ಎಂದರೆ ಹಾವಾಡಿಗರು, ಬಡತನ ಎಂದಷ್ಟೇ ತೋರಿಸುತ್ತಿದ್ದ ಕಾಲದಲ್ಲಿ ಖಾನ್ ವಿದ್ಯಾವಂತ, ಗಂಭೀರ, ಮಾತಿನಲ್ಲಿ ಎದುರಾಳಿಯನ್ನು ಕಟ್ಟಿಹಾಕಬಲ್ಲವನು. ಊಟದ ಮೇಜಿನಲ್ಲಿ ಅವನೊಡನೆ ವಾದಿಸಿದ ನೌಕೆಯ ಅಧಿಕಾರಿಗಳೇ ಆಮೇಲೆ ಅವನ ಬಗ್ಗೆ ಮೆಚ್ಚುಗೆಯ ಮಾತಾಡುತ್ತಾರೆ. ಸರ್ವಾಧಿಕಾರಿಯನ್ನು ಮೆಚ್ಚುವುದೇ ಎಂದು ಸ್ಪಾಕ್ ಮಾತ್ರ ದಂಗಾಗುತ್ತಾನೆ. ಖಳನನ್ನು ನೋಡಿ ನೋಡುಗ ಸಹ ಒಂದು ಕ್ಷಣ ತಲೆದೂಗಬೇಕು, ಆಮೇಲೆ ತಾನು ತಲೆದೂಗಿದೆನಲ್ಲ ಎಂದು ಅಳುಕಬೇಕು. ರಾವಣನ ಪಾತ್ರವನ್ನು ಬಲ್ಲವರಿಗೆ ಇದನ್ನು ವಿವರಿಸುವ ಅಗತ್ಯವಿಲ್ಲ.

ಮುಂಬಯಿಯ ಪರ್ಸಿಸ್, ಅನಂತರ ಖಾನ್

ಟಿ.ವಿ. ಸರಣಿ 1969ರಲ್ಲಿ ನಿಂತಿತು. ಹತ್ತು ವರ್ಷಗಳ ಬಳಿಕ, 1979ರಲ್ಲಿ, ಮೊದಲ 'ಸ್ಟಾರ್ ಟ್ರೆಕ್' ಚಲನಚಿತ್ರ ಬಂತು. ಅದರಲ್ಲಿ ತಲೆ ಬೋಳಿಸಿಕೊಂಡು ಇಲಿಯಾ ಎಂಬ ಪಾತ್ರ ಮಾಡಿದವರು ನಮ್ಮ ಮುಂಬಯಿಯವರೇ ಆದ ಪರ್ಸಿಸ್ ಖಂಬಾಟಾ, 1965ರ ಮಿಸ್ ಇಂಡಿಯಾ. 1998ರಲ್ಲಿ ಇದೇ ನಗರದಲ್ಲಿ ಅವರು ನಿಧನರಾದರು. ಭಾರತೀಯ ಕಲಾವಿದೆಯೊಬ್ಬರಿಗೆ ಹಾಲಿವುಡ್‌ನ ದೊಡ್ಡ ಚಿತ್ರದಲ್ಲಿ ಮುಖ್ಯ ಪಾತ್ರ ಸಿಕ್ಕಿದ್ದು ಆ ಕಾಲಕ್ಕೆ ದೊಡ್ಡ ಸುದ್ದಿ. ಆದರೆ ಅವರ ಪಾತ್ರ ಭೂಮಿಯದ್ದೇ ಅಲ್ಲ, ಅನ್ಯಗ್ರಹದ ಹೆಣ್ಣು. ಭಾರತೀಯ ನಟಿಗೆ ಅನ್ಯಗ್ರಹದ ಪಾತ್ರ, ಭಾರತೀಯ ಪಾತ್ರಕ್ಕೆ ಅನ್ಯದೇಶದ ನಟ! ವಿಪರ್ಯಾಸವೆಂದರೆ ಇದೇ.

ಸುಮಾರು 4.4 ಕೋಟಿ ಡಾಲರ್ ವೆಚ್ಚದ ಆ ಚಿತ್ರ ಹಣ ತಂದರೂ ನಿಧಾನಗತಿಯದ್ದೆಂಬ ದೂರು ಕೇಳಿಬಂತು. ಮುಂದಿನ ಚಿತ್ರದ ಹೊಣೆ ಹೊತ್ತ ಹಾರ್ವ್ ಬೆನ್ನೆಟ್ 'ಸ್ಟಾರ್ ಟ್ರೆಕ್' ಬಗ್ಗೆ ಹೆಚ್ಚೇನೂ ತಿಳಿಯದವರು. ಹಳೆಯ ಕಂತುಗಳನ್ನೆಲ್ಲ ಒಂದೊಂದಾಗಿ ಕುಳಿತು ನೋಡಿದರು. 'ಸ್ಪೇಸ್ ಸೀಡ್' ಅವರ ಕಣ್ಣಿಗೆ ಬಿತ್ತು. ಗ್ರಹದಲ್ಲಿ ಬಿಟ್ಟುಬಂದ ಆ ಮನುಷ್ಯ ಏನಾದ? ಈ ಒಂದು ಪ್ರಶ್ನೆಯಿಂದ ಹುಟ್ಟಿದ್ದು ನಿಕೊಲಾಸ್ ಮೇಯರ್ ನಿರ್ದೇಶನದ 'ದಿ ರಾತ್ ಆಫ್ ಖಾನ್', ಅರ್ಥಾತ್ ಖಾನ್‌ನ ಕ್ರೋಧ. 1982ರ ಜೂನ್ 4ರಂದು ಬಿಡುಗಡೆಯಾಯಿತು. ಸುಮಾರು 1.2 ಕೋಟಿ ಡಾಲರಿನಲ್ಲಿ ಮುಗಿಸಿದ ಚಿತ್ರ ಮೊದಲ ವಾರಾಂತ್ಯದಲ್ಲೇ ಅದನ್ನು ಮೀರಿಸಿ ಗಳಿಸಿ ಅಂದಿನ ದಾಖಲೆ ಬರೆಯಿತು.

ಹದಿನೈದು ವರ್ಷಗಳ ಬಳಿಕವೂ ಖಾನ್ ಪಾತ್ರಕ್ಕೆ ಮೊಂಟಾಲ್ಬಾನ್ ಅವರೇ ಬಂದರು. ಕಥೆಯೊಳಗೂ ಹದಿನೈದು ವರ್ಷವೇ ಕಳೆದಿತ್ತು. ನಡುವೆ 'ಫ್ಯಾಂಟಸಿ ಐಲೆಂಡ್' ಧಾರಾವಾಹಿಯ ಸೌಮ್ಯ ಆತಿಥೇಯನ ಪಾತ್ರದಲ್ಲಿ ಮುಳುಗಿದ್ದ ಅವರು ಖಾನ್‌ನ ಧಾಟಿ ಮರೆತುಹೋಗಿದೆಯೆಂದು ಹಳೆಯ ಕಂತನ್ನು ಮತ್ತೆ ನೋಡಿ ಪಾತ್ರವನ್ನು ಹಿಡಿದುಕೊಂಡರಂತೆ. ಆಗ ಅವರಿಗೆ ಅರವತ್ತು ದಾಟಿತ್ತು. ತೆರೆದೆದೆಯ ಆ ವೇಷ ಕಂಡು, ಅದು ನಿಜವಾದ ಮೈಯೇ, ಅಂಟಿಸಿದ್ದೇ ಎಂದು ಪ್ರೇಕ್ಷಕರು ಕೇಳಿದರು. ನಿಜವಾದದ್ದೇ ಎಂದು ನಿರ್ದೇಶಕರು ಹೇಳಿಹೇಳಿ ಸಾಕಾದರು.

ಈ ಚಿತ್ರದ ಖಾನ್ ಏಕೆ ಜನಮನದಲ್ಲಿ ಉಳಿದ? ಅವನಿಗೆ ನ್ಯಾಯವಾದ ದೂರೊಂದಿತ್ತು. ಕರ್ಕ್ ಬಿಟ್ಟುಹೋದ ಕೆಲವೇ ತಿಂಗಳಲ್ಲಿ ಪಕ್ಕದ ಗ್ರಹ ಸ್ಫೋಟಿಸಿ ಅವರಿದ್ದ ಗ್ರಹ ಮರುಭೂಮಿಯಾಯಿತು. ಸಂಗಡಿಗರು ಸತ್ತರು, ಹೆಂಡತಿ ಸತ್ತಳು. ಕರ್ಕ್ ಒಮ್ಮೆಯೂ ತಿರುಗಿ ನೋಡಲಿಲ್ಲ, ವಿಚಾರಿಸಲೂ ಇಲ್ಲ. ಹಳೆಯ ಕಂತಿನಲ್ಲಿ ಉದಾರವಾಗಿ ಕಂಡ ತೀರ್ಪು ಹೊಸ ಚಿತ್ರದಲ್ಲಿ ಮರೆವಿನ ಅಪರಾಧವಾಗಿ ಕಾಣಿಸಿತು. ಖಳ ಬಂದದ್ದು ಲೋಕ ಗೆಲ್ಲಲು ಅಲ್ಲ, ಬಾಕಿ ವಸೂಲಿಗೆ. ಹಳೆಯ ಪ್ರೇಕ್ಷಕರ ಪಾಲಿಗೆ ಪುನರಾಗಮನವೆಂದರೆ ಇದು.

ಹೊಗಳಿದವರ ನಡುವೆ ತಪ್ಪು ಹುಡುಕುವವರಿಗೂ ಕೆಲಸ ಸಿಕ್ಕಿತು. ಗ್ರಹಕ್ಕೆ ಬಂದಿಳಿದ ಚೆಕೊವ್‌ನನ್ನು ಕಂಡೊಡನೆ ಖಾನ್ ಗುರುತು ಹಿಡಿಯುತ್ತಾನೆ. ಆದರೆ ಚೆಕೊವ್ ಪಾತ್ರಧಾರಿ ವಾಲ್ಟರ್ ಕೇನಿಗ್ ಸರಣಿಗೆ ಸೇರಿದ್ದೇ 'ಸ್ಪೇಸ್ ಸೀಡ್' ಪ್ರಸಾರವಾದ ಮೇಲಿನ ಎರಡನೇ ವರ್ಷದಲ್ಲಿ! ಕಾಣದವನ ಗುರುತು ಹೇಗೆ ಸಿಕ್ಕಿತು? ಆಗ ಅವನು ನೌಕೆಯ ಕೆಳ ಅಂತಸ್ತಿನಲ್ಲಿ ಕೆಲಸದಲ್ಲಿದ್ದ ಎಂದು ಕೆಲವರು ಸಮಾಧಾನ ಹೇಳಿದರು. ಕೇನಿಗ್ ಅವರಂತೂ ಅಭಿಮಾನಿಗಳ ಸಭೆಗಳಲ್ಲಿ, ಚೆಕೊವ್ ಶೌಚಾಲಯದ ಬಾಗಿಲು ಹಾಕಿಕೊಂಡು ಖಾನ್‌ನನ್ನು ಹೊರಗೆ ಕಾಯಿಸಿದ್ದ, ಆ ಸಿಟ್ಟು ಖಾನ್ ಮರೆತಿಲ್ಲ ಎಂದು ನಗಿಸುತ್ತಿದ್ದರು. ಇನ್ನೊಂದು ಸಂಗತಿಯನ್ನು ಮೊದಲ ಸಲ ನೋಡುವಾಗ ಹೆಚ್ಚಿನವರು ಗಮನಿಸುವುದೇ ಇಲ್ಲ: ಇಡೀ ಚಿತ್ರದಲ್ಲಿ ಕರ್ಕ್ ಮತ್ತು ಖಾನ್ ಒಂದು ಸಲವೂ ಎದುರುಬದುರು ನಿಲ್ಲುವುದಿಲ್ಲ. ಪರದೆಯ ಮೇಲಷ್ಟೇ ಮಾತು. ಎರಡು ಪಾತ್ರಗಳ ಚಿತ್ರೀಕರಣವೂ ಬೇರೆಬೇರೆ ಸಮಯದಲ್ಲಿ ನಡೆದಿತ್ತು.

ಇವೆಲ್ಲಕ್ಕಿಂತ ದೊಡ್ಡ ಗದ್ದಲವಾದದ್ದು ಸ್ಪಾಕ್‌ನ ಸಾವಿಗೆ. ಚಿತ್ರದ ಕೊನೆಯಲ್ಲಿ ಅವನು ಸಾಯುತ್ತಾನೆಂಬ ಗುಟ್ಟು ಬಿಡುಗಡೆಗೆ ಮುಂಚೆಯೇ ಹೊರಬಿತ್ತು. ಅಭಿಮಾನಿಗಳಿಂದ ಪತ್ರಗಳ ಸುರಿಮಳೆಯಾಯಿತು; ಕಥೆ ಬದಲಿಸಿ ಎಂದು ತಮ್ಮದೇ ಹಣ ಕೊಟ್ಟು ಪತ್ರಿಕೆಯಲ್ಲಿ ಜಾಹೀರಾತು ಹಾಕಿಸಿದವರೂ ಇದ್ದರು. ನಿರ್ದೇಶಕರಿಗೆ ಬೆದರಿಕೆ ಪತ್ರವೂ ಬಂತು. ತಯಾರಕರು ಜಾಣತನ ತೋರಿದರು. ಚಿತ್ರದ ಆರಂಭದಲ್ಲೇ ತರಬೇತಿಯ ಅಣಕು ಯುದ್ಧವೊಂದರಲ್ಲಿ ಸ್ಪಾಕ್ ಸತ್ತಂತೆ ತೋರಿಸಿ, ಓಹೋ ಗುಟ್ಟು ಇಷ್ಟೇ ಎಂದು ಪ್ರೇಕ್ಷಕರು ನಿರಾಳವಾಗುವಂತೆ ಮಾಡಿದರು. ಕೊನೆಯಲ್ಲಿ ನಿಜವಾದ ಸಾವು ಬಂದಾಗ ಚಿತ್ರಮಂದಿರಗಳಲ್ಲಿ ಕಣ್ಣೊರೆಸಿಕೊಳ್ಳದವರು ಕಡಿಮೆ.

ಮೊದಲ ಸ್ಥಾನವೂ ಖಾನ್‌ಗೆ, ಕೊನೆಯ ಸ್ಥಾನವೂ ಖಾನ್‌ಗೆ

ಮೊಂಟಾಲ್ಬಾನ್ 2009ರ ಜನವರಿಯಲ್ಲಿ 88ನೇ ವಯಸ್ಸಿನಲ್ಲಿ ತೀರಿಕೊಂಡರು. ಅದೇ ವರ್ಷ ಜೆ.ಜೆ. ಅಬ್ರಾಮ್ಸ್ ನಿರ್ದೇಶನದಲ್ಲಿ ಹೊಸ ನಟರೊಂದಿಗೆ 'ಸ್ಟಾರ್ ಟ್ರೆಕ್' ಚಿತ್ರಸರಣಿ ಮತ್ತೆ ಆರಂಭವಾಯಿತು. ಕಾಲಪ್ರವಾಹ ಕವಲೊಡೆದು ಬೇರೊಂದು ಇತಿಹಾಸವೇ ಶುರುವಾಯಿತು ಎಂಬುದು ಅದರ ತಂತ್ರ. ಎರಡನೇ ಚಿತ್ರದಲ್ಲಿ ಖಾನ್ ಬರುತ್ತಾನೆಯೇ ಎಂಬ ಗುಸುಗುಸು ಆಗಲೇ ಹಬ್ಬಿತು. ಚಿತ್ರತಂಡ ಅಲ್ಲವೆಂದು ಹೇಳುತ್ತಲೇ ಬಂತು. ಬ್ರಿಟಿಷ್ ನಟ ಬೆನೆಡಿಕ್ಟ್ ಕಂಬರ್‌ಬ್ಯಾಚ್ ಪಾತ್ರದ ಹೆಸರು ಜಾನ್ ಹ್ಯಾರಿಸನ್ ಎಂದು ಪ್ರಕಟಿಸಲಾಯಿತು. 2013ರ ಮೇ ತಿಂಗಳಲ್ಲಿ 'ಇನ್‌ಟು ಡಾರ್ಕ್‌ನೆಸ್' ತೆರೆಕಂಡಾಗ ನಡುವಿನಲ್ಲಿ ಆ ಹ್ಯಾರಿಸನ್ ತನ್ನ ನಿಜನಾಮ ಹೇಳಿದ: ಖಾನ್.

ಆ ಕ್ಷಣದಲ್ಲಿ ಪ್ರೇಕ್ಷಕರು ಎರಡಾಗಿ ಸೀಳಿದರು. ಹಳೆಯದೇನೂ ಗೊತ್ತಿಲ್ಲದ ಯುವಕರಿಗೆ ಆ ಹೆಸರಿನಿಂದ ಏನೂ ಆಗಲಿಲ್ಲ; ಯಾರೋ ಹ್ಯಾರಿಸನ್, ಈಗ ಯಾರೋ ಖಾನ್. ತೆರೆಯ ಮೇಲಿದ್ದ ಕರ್ಕ್‌ಗೂ ಅದೇ ಸ್ಥಿತಿ. ಈ ಹೊಸ ಇತಿಹಾಸದಲ್ಲಿ ಅವನು ಖಾನ್‌ನನ್ನು ಹಿಂದೆಂದೂ ಕಂಡವನಲ್ಲ, ಗ್ರಹದಲ್ಲಿ ಬಿಟ್ಟುಬಂದವನಲ್ಲ. ಖಾನ್ ಎಷ್ಟು ಅಪಾಯಕಾರಿ ಎಂದು ತಿಳಿಸಲು ಲಿಯೊನಾರ್ಡ್ ನಿಮೊಯ್ ಅವರ ಹಿರಿಯ ಸ್ಪಾಕ್‌ನನ್ನೇ ಪರದೆಯ ಮೇಲೆ ಕರೆಸಬೇಕಾಯಿತು. ಹಳಬರಿಗೋ, ಹೆಸರು ಕೇಳುತ್ತಲೇ ಎದೆ ಝಲ್ಲೆಂದರೂ ಮುಂದಿನ ಕ್ಷಣ, ಇವನೇ ಖಾನ್ ಹೇಗಾದಾನು ಎಂಬ ಪ್ರಶ್ನೆ.

ಕಂಬರ್‌ಬ್ಯಾಚ್ ಅಭಿನಯವನ್ನು, ಅದರಲ್ಲೂ ಅವರ ಗಂಭೀರ ಕಂಠವನ್ನು ದೂರಿದವರು ಕಡಿಮೆ. ದೂರು ಕಥೆಯ ಮೇಲಿತ್ತು. 1982ರಲ್ಲಿ ಸ್ಪಾಕ್ ಸತ್ತ ದೃಶ್ಯವನ್ನು ಇಲ್ಲಿ ತಿರುಗಿಸಿ ಕರ್ಕ್‌ನನ್ನು ಸಾಯಿಸಿದರು. ಅಂದು ಕರ್ಕ್ ಸಿಟ್ಟಿನಿಂದ ಕೂಗಿದ್ದ ಖಾನ್‌ನ ಹೆಸರನ್ನು ಇಂದು ಸ್ಪಾಕ್ ಕೂಗಿದ. ಗಂಭೀರವಾಗಬೇಕಾದ ಆ ಕೂಗಿಗೆ ಅನೇಕ ಹಳೆಯ ಅಭಿಮಾನಿಗಳು ನಕ್ಕುಬಿಟ್ಟರು. ಬಳಿಕ ಖಾನ್‌ನ ರಕ್ತದಿಂದ ಮಾಡಿದ ಮದ್ದಿನಿಂದ ಕರ್ಕ್ ಕಣ್ಣು ತೆರೆದ. ಸತ್ತವರನ್ನು ಎಬ್ಬಿಸುವ ಸಂಜೀವಿನಿ ಸಿಕ್ಕಿದ ಮೇಲೆ ಮುಂದಿನ ಕಥೆಗಳಲ್ಲಿ ಯಾರ ಸಾವಿಗೆ ಏನು ಬೆಲೆ ಎಂದು ಅವರು ಕೇಳಿದ ಪ್ರಶ್ನೆಗೆ ಸರಿಯಾದ ಉತ್ತರ ಸಿಗಲೇ ಇಲ್ಲ.

2013ರ ಆಗಸ್ಟ್‌ನಲ್ಲಿ ಲಾಸ್ ವೇಗಸ್‌ನಲ್ಲಿ ಸೇರಿದ 'ಸ್ಟಾರ್ ಟ್ರೆಕ್' ಅಭಿಮಾನಿಗಳ ಸಮ್ಮೇಳನದ ಗೋಷ್ಠಿಯೊಂದರಲ್ಲಿ ಅಲ್ಲಿಯ ವರೆಗಿನ ಚಿತ್ರಗಳಿಗೆ ಸ್ಥಾನ ನಿರ್ಣಯಿಸಲಾಯಿತು. ಪ್ರಥಮ ಸ್ಥಾನ 'ದಿ ರಾತ್ ಆಫ್ ಖಾನ್'ಗೆ. ಕಟ್ಟಕಡೆಯ ಸ್ಥಾನ 'ಇನ್‌ಟು ಡಾರ್ಕ್‌ನೆಸ್'ಗೆ. 'ಸ್ಟಾರ್ ಟ್ರೆಕ್' ಅನ್ನು ಅಣಕಿಸಿ ಬಂದ 'ಗ್ಯಾಲಕ್ಸಿ ಕ್ವೆಸ್ಟ್' ಎಂಬ ಹಾಸ್ಯಚಿತ್ರ ಸಹ ಅದಕ್ಕಿಂತ ಮೇಲಿನ ಸ್ಥಾನ ಪಡೆಯಿತು! ಒಂದೇ ಖಳನಾಯಕನ ಎರಡು ಚಿತ್ರಗಳು ಪಟ್ಟಿಯ ಎರಡು ತುದಿಯಲ್ಲಿ. ಅದು ಒಂದು ಸಭಾಂಗಣದಲ್ಲಿದ್ದ ಕಟ್ಟಾ ಅಭಿಮಾನಿಗಳ ಮತವಷ್ಟೇ ಎಂಬುದನ್ನೂ ಹೇಳಬೇಕು. ಹೊರಗೆ ಬಹುತೇಕ ವಿಮರ್ಶಕರು ಚಿತ್ರವನ್ನು ಮೆಚ್ಚಿದ್ದರು. ಜಗತ್ತಿನಾದ್ಯಂತ 46 ಕೋಟಿ ಡಾಲರಿಗೂ ಅಧಿಕ ಗಳಿಕೆಯಾಗಿತ್ತು. ಸ್ಕಾಟಿ ಪಾತ್ರಧಾರಿ ಸೈಮನ್ ಪೆಗ್ ಈ ಪಟ್ಟಿಯ ಬಗ್ಗೆ ಬೇಸರವನ್ನು ಬಹಿರಂಗವಾಗಿಯೇ ವ್ಯಕ್ತಪಡಿಸಿದರು. ಆದರೆ ಅದೇ ವರ್ಷದ ಕೊನೆಗೆ ನಿರ್ದೇಶಕ ಅಬ್ರಾಮ್ಸ್ ಅವರೇ, ಖಾನ್ ಎಂಬುದನ್ನು ಮುಚ್ಚಿಡದೆ ಮೊದಲೇ ಹೇಳಿದ್ದರೆ ಒಳಿತಿತ್ತೇನೋ ಎಂಬರ್ಥದ ಮಾತಾಡಿದರು.

ಯಾರ ಮುಖ, ಯಾರ ಪಾತ್ರ?

ಭಾರತೀಯ ಪ್ರೇಕ್ಷಕರಿಗೆ ಹತ್ತಿರದ ಪ್ರಶ್ನೆ ಇದು. ಉತ್ತರ ಭಾರತದ ಸಿಖ್ ಎಂದು ಸರಣಿಯೇ ಹೇಳಿದ ವ್ಯಕ್ತಿ ಬಿಳಿಯ ಇಂಗ್ಲಿಷ್ ಸಾಹೇಬನಾಗಿ ಕಾಣಿಸಿಕೊಂಡದ್ದು ಹೇಗೆ? ಮೊಂಟಾಲ್ಬಾನ್ ಸಹ ಭಾರತೀಯರಲ್ಲವಲ್ಲ, ಆಗಿಲ್ಲದ ಆಕ್ಷೇಪ ಈಗೇಕೆ ಎಂದು ಕೇಳಿದವರಿದ್ದಾರೆ. ಅದಕ್ಕೆ ಬಂದ ಉತ್ತರ ತೂಕದ್ದೇ. 1967ರಲ್ಲಿ ಅಮೆರಿಕದ ಟಿ.ವಿ.ಯಲ್ಲಿ ಕಂದುಬಣ್ಣದ ನಟನೊಬ್ಬನಿಗೆ ಅಂಥ ಘನತೆಯ ಪಾತ್ರ ಸಿಕ್ಕಿದ್ದೇ ಒಂದು ಹೆಜ್ಜೆ ಮುಂದೆ. 2013ರಲ್ಲಿ ಭಾರತೀಯ ಮೂಲದ ನಟರು ಹಾಲಿವುಡ್‌ನಲ್ಲಿ ಸಾಕಷ್ಟು ಮಂದಿ ಇದ್ದರು. ಹಾಗಿದ್ದೂ ಪಾತ್ರ ಬಿಳಿಯರ ಕೈಸೇರಿದ್ದು ಎರಡು ಹೆಜ್ಜೆ ಹಿಂದೆ.

ಚಿತ್ರದ ಬರಹಗಾರರಲ್ಲೊಬ್ಬರಾದ ರಾಬರ್ಟೊ ಒರ್ಚಿ ಇದಕ್ಕೆ ಕೊಟ್ಟ ಸಮಜಾಯಿಷಿ ಬೇರೆ. ಈ ಚಿತ್ರದ ಖಾನ್ ಲಂಡನ್ನಿನಲ್ಲಿ ಬಾಂಬ್ ಸ್ಫೋಟಿಸುವವನು, ನಗರದ ಮೇಲೆ ನೌಕೆಯನ್ನೇ ಕೆಡಹುವವನು. ಅಂಥ ಪಾತ್ರವನ್ನು ಒಂದು ಜನಾಂಗದ ಮುಖಕ್ಕೆ ಅಂಟಿಸಲು ಮನಸ್ಸು ಒಪ್ಪಲಿಲ್ಲ ಎಂಬುದು ಅವರ ಮಾತಿನ ಸಾರ. 2001ರ ಸೆಪ್ಟೆಂಬರ್ 11ರ ದಾಳಿಯ ಬಳಿಕ ಅಮೆರಿಕದಲ್ಲಿ ಪೇಟ ಧರಿಸಿದ ಸಿಖ್ಖರು ಅನುಭವಿಸಿದ್ದನ್ನು ನೆನೆದರೆ ಈ ಅಳುಕನ್ನು ಸುಳ್ಳೆನ್ನಲಾಗದು. ಭಯೋತ್ಪಾದಕನ ಪಾತ್ರ ನಮಗೆ ಸಿಗಲಿಲ್ಲವೆಂದು ಅಳಬೇಕೆ ಎಂದು ಕೇಳಿದ ಪ್ರೇಕ್ಷಕರೂ ಇದ್ದಾರೆ.

ಆದರೂ ಈ ಸಮಜಾಯಿಷಿಯಲ್ಲಿ ಒಂದು ಬಿರುಕಿದೆ. ಮುಖ ಬೇಡವೆಂದವರು ಹೆಸರನ್ನು ಮಾತ್ರ ಬಿಡಲಿಲ್ಲ. ಬಾಂಬ್ ಇಟ್ಟವನು ಕೊನೆಗೂ ಖಾನ್ ಎಂದೇ ಕರೆಸಿಕೊಂಡ. ಜಾನ್ ಹ್ಯಾರಿಸನ್ ಆಗಿಯೇ ಉಳಿದಿದ್ದರೆ ಯಾರ ತಕರಾರೂ ಇರುತ್ತಿರಲಿಲ್ಲ, ಹಳೆಯ ಹೆಸರಿನ ಆಕರ್ಷಣೆಯೂ ಇರುತ್ತಿರಲಿಲ್ಲ. ಹೆಸರಿನ ಲಾಭ ಬೇಕು, ಹೆಸರಿನ ಊರು ಬೇಡ ಎಂದಂತಾಯಿತು. ತರ್ಕಪ್ರಿಯ ಅಭಿಮಾನಿಗಳು ಇನ್ನೊಂದು ಎಳೆ ಹಿಡಿದರು. ಇತಿಹಾಸ ಕವಲೊಡೆದದ್ದು 23ನೇ ಶತಮಾನದಲ್ಲಿ. ಖಾನ್ ಹುಟ್ಟಿದ್ದು, ಮಲಗಿದ್ದು 20ನೇ ಶತಮಾನದಲ್ಲಿ. ಹಾಗಾದರೆ ಎರಡೂ ಕವಲಿನಲ್ಲಿ ಅವನ ಮುಖ ಒಂದೇ ಇರಬೇಕಲ್ಲವೇ? ಈ ಪ್ರಶ್ನೆಗೆ ಉತ್ತರ ಕೊಡಲೆಂದೇ ಅದೇ ವರ್ಷ ಚಿತ್ರಕಥೆಯ ಪುಸ್ತಕವೊಂದು ಕಂತುಗಳಲ್ಲಿ ಹೊರಬಂತು. ಶಸ್ತ್ರಚಿಕಿತ್ಸೆಯಿಂದ ಮುಖ ಬದಲಿಸಿ, ನೆನಪು ಅಳಿಸಿ, ಹ್ಯಾರಿಸನ್ ಮಾಡಿದರು ಎಂಬ ವಿವರಣೆ ಅದರಲ್ಲಿ ಸಿಕ್ಕಿತು. ಟಿಕೆಟ್ ಕೊಂಡು ಚಿತ್ರ ನೋಡಿದವನು ಕಾರಣ ತಿಳಿಯಲು ಪುಸ್ತಕ ಕೊಳ್ಳಬೇಕು ಎಂದರೆ ಅದು ಸಮಾಧಾನವಲ್ಲ, ವ್ಯಾಪಾರ.

ಬಾರದ ಯುದ್ಧ, ಬಾಲಕ ಖಾನ್

1967ರಲ್ಲಿ ಕುಳಿತು 1990ರ ದಶಕದ ಮಹಾಯುದ್ಧ ಕಲ್ಪಿಸುವುದು ಸುಲಭವಿತ್ತು. 1990ರ ದಶಕ ಬಂತು, ಹೋಯಿತು, ಖಾನ್ ಬರಲಿಲ್ಲ. ವೈಜ್ಞಾನಿಕ ಕಥೆಗಳಿಗೆ ಪಂಚಾಂಗವೇ ದೊಡ್ಡ ವೈರಿ. 2022ರಲ್ಲಿ ಆರಂಭವಾದ 'ಸ್ಟ್ರೇಂಜ್ ನ್ಯೂ ವರ್ಲ್ಡ್ಸ್' ಸರಣಿ ಈ ತೊಡಕನ್ನು ಎದುರಿಸಲು ಹೊರಟಿತು. ಅದರಲ್ಲಿ ಖಾನ್‌ನ ವಂಶದ ಲಾನ್ ನೂನಿಯನ್ ಸಿಂಗ್ ಎಂಬ ಭದ್ರತಾ ಅಧಿಕಾರಿಯ ಪಾತ್ರವಿದೆ. ಕ್ರಿಸ್ಟಿನಾ ಚಾಂಗ್ ಅಭಿನಯ. ಪೂರ್ವಜನ ಹೆಸರು ಹೊತ್ತು ಶಾಲೆಯಲ್ಲಿ ಮೂದಲಿಕೆ ಕೇಳಿ ಬೆಳೆದವಳು. 2023ರ ಜೂನ್ ಕೊನೆಯಲ್ಲಿ ಪ್ರಸಾರವಾದ ಕಂತಿನಲ್ಲಿ ಆಕೆ ಕಾಲದಲ್ಲಿ ಹಿಂದೆ ಸರಿದು ಕೆನಡಾದ ಟೊರೊಂಟೊ ನಗರಕ್ಕೆ ಬರುತ್ತಾಳೆ. ಅಲ್ಲಿ ಒಂದು ಕೋಣೆಯಲ್ಲಿ ಪುಟ್ಟ ಬಾಲಕ ಖಾನ್ ಕುಳಿತಿದ್ದಾನೆ. ಯಾರೋ ಕಾಲದ ಚಕ್ರವನ್ನು ಕೆದಕಿದ್ದರಿಂದ ಯುದ್ಧ 1990ರ ದಶಕದಿಂದ ಮುಂದಕ್ಕೆ ಹೋಯಿತು ಎಂಬ ವಿವರಣೆ ಅಲ್ಲೇ ಸಿಗುತ್ತದೆ.

ಇದು ತೇಪೆ ಎಂದು ಜರೆದ ಹಳಬರಿದ್ದಾರೆ. ಹಳೆಯ ಕಂತಿನ ಇಸವಿಗಳನ್ನು ಬಾಯಿಪಾಠ ಮಾಡಿಕೊಂಡವರಿಗೆ ನೋವಾಗುವುದು ಸಹಜ. ಆದರೆ ಲಾನ್ ಆ ಮಗುವನ್ನು ಕೊಲ್ಲದೆ ಕಾಪಾಡಿ ಹೊರಡುವ ದೃಶ್ಯವನ್ನು ಅವರಲ್ಲೂ ಮೆಚ್ಚಿದವರು ಬಹಳ. ಕಂಸನ ಕಥೆ ಕೇಳಿ ಬೆಳೆದವರಿಗೆ ಇದು ತಲೆಕೆಳಗಾದ ಕಥೆಯಾಗಿ ಕಂಡೀತು. ಅಲ್ಲಿ ಖಳ ಮಗುವನ್ನು ಹುಡುಕುತ್ತಾನೆ, ಇಲ್ಲಿ ಮಗುವೇ ನಾಳಿನ ಖಳ. ಕೊಂದರೆ ಕೋಟಿ ಜನ ಉಳಿದಾರು, ಆದರೆ ತನ್ನ ವಂಶವೂ ಅಳಿದು, ತನಗೆ ಪರಿಚಿತವಾದ ಲೋಕವೂ ಇಲ್ಲವಾದೀತು. ಖಾನ್ ಈ ಸಲ ಒಂದು ಏಟು ಹೊಡೆಯಲಿಲ್ಲ, ಒಂದು ಬೆದರಿಕೆ ಹಾಕಲಿಲ್ಲ. ಹೆದರಿದ ಮಗುವಾಗಿ ಕುಳಿತಷ್ಟೇ 2013ರ ಚಿತ್ರ ಮಾಡಲಾಗದ ಪರಿಣಾಮ ಉಂಟುಮಾಡಿದ.

ಕೇರಳದ ಕುಡಿಯ ಕಂಠ

2025ರ ಸೆಪ್ಟೆಂಬರ್ 8ರಂದು 'ಸ್ಟಾರ್ ಟ್ರೆಕ್: ಖಾನ್' ಎಂಬ ಧ್ವನಿ ನಾಟಕ ಆರಂಭವಾಯಿತು. 1982ರ ಚಿತ್ರದ ನಿರ್ದೇಶಕ ನಿಕೊಲಾಸ್ ಮೇಯರ್ ಅವರದೇ ಕಥೆ. ಕಿರುತೆರೆಗೆಂದು ಅವರು ಮೊದಲು ಯೋಚಿಸಿದ್ದ ಕಥೆ ಕೊನೆಗೆ ಆಕಾಶವಾಣಿಯ ನಾಟಕದಂತೆ ಕೇಳುವ ರೂಪ ಪಡೆಯಿತು. ಕರ್ಕ್ ಬಿಟ್ಟುಹೋದ ದಿನದಿಂದ ಮರುಭೂಮಿಯಾಗುವ ತನಕ ಆ ಗ್ರಹದಲ್ಲಿ ಏನಾಯಿತು, ಮಾರ್ಲಾ ಹೇಗೆ ಬದುಕಿದಳು, ಹೇಗೆ ತೀರಿದಳು ಎಂಬುದೇ ವಸ್ತು. 1982ರಲ್ಲಿ ಆಕೆಯ ಹೆಸರೂ ಹೇಳದೆ, ಹೆಂಡತಿ ಸತ್ತಳೆಂದಷ್ಟೇ ಹೇಳಿ ಮುಗಿಸಿದ್ದರು. ಆ ಕೊರತೆ ನಲವತ್ತಮೂರು ವರ್ಷಗಳ ಬಳಿಕ ತುಂಬಿತು.

ಖಾನ್ ಪಾತ್ರಕ್ಕೆ ಕಂಠ ಕೊಟ್ಟವರು ನವೀನ್ ಆಂಡ್ರ್ಯೂಸ್. ಕೇರಳದಿಂದ ಲಂಡನ್ನಿಗೆ ಹೋಗಿ ನೆಲೆಸಿದ ದಂಪತಿಯ ಮಗ. 1996ರ 'ದಿ ಇಂಗ್ಲಿಷ್ ಪೇಷೆಂಟ್' ಚಿತ್ರದಲ್ಲಿ ಬಾಂಬ್ ನಿಷ್ಕ್ರಿಯಗೊಳಿಸುವ ಕಿಪ್ ಎಂಬ ಸಿಖ್ ಯೋಧನಾಗಿ ಪೇಟ ಧರಿಸಿ ಅಭಿನಯಿಸಿದವರೂ ಅವರೇ. 'ಲಾಸ್ಟ್' ಧಾರಾವಾಹಿಯಲ್ಲಿ ಇರಾಕಿನ ಸಯೀದ್ ಆಗಿ ಮನೆಮಾತಾದವರು. ಸಿಖ್ ಎಂದು ಬರೆದ ಪಾತ್ರಕ್ಕೆ ಭಾರತೀಯ ಮೂಲದ ಪ್ರಬುದ್ಧ ನಟನೊಬ್ಬ ಸಿಕ್ಕಲು 1967ರಿಂದ 2025ರ ವರೆಗೆ, ಅಂದರೆ 58 ವರ್ಷ ಹಿಡಿಯಿತು. ಸಿಕ್ಕಾಗಲೂ ಕೇಳುಗರಿಗೆ ದೊರೆತದ್ದು ಕಂಠ ಮಾತ್ರ. 'ದಿ ಇಂಗ್ಲಿಷ್ ಪೇಷೆಂಟ್' ನೋಡಿದವರು ಆ ಪೇಟವನ್ನು ನೆನಪಿನಿಂದ ತಂದು ಖಾನ್‌ಗೆ ಇಟ್ಟುಕೊಂಡು ಕೇಳಬಹುದು.

ಒಂಬತ್ತು ಕಂತುಗಳ ಈ ನಾಟಕದ ಕೊನೆ ಎಲ್ಲರಿಗೂ ಮೊದಲೇ ಗೊತ್ತಿರುವಂಥದ್ದು. ಗೊತ್ತಿರುವ ಕಥೆಯನ್ನು ಕೇಳುವುದರಲ್ಲಿ ಏನಿದೆ ಎಂದು ದೂರವಿಟ್ಟವರಿದ್ದಾರೆ. ಸುಲು ಪಾತ್ರಕ್ಕೆ ಮೂಲ ನಟ ಜಾರ್ಜ್ ಟಕೇ ಅವರೇ ಮತ್ತೆ ಕಂಠ ಕೊಟ್ಟಿದ್ದನ್ನು ಕೇಳಿ ಸಂತೋಷಪಟ್ಟವರಿದ್ದಾರೆ. ಹಳಬರಲ್ಲಿ ಮೊಂಟಾಲ್ಬಾನ್ ಧಾಟಿಯನ್ನೇ ಹುಡುಕುತ್ತ, ಇದು ಆ ಗತ್ತಲ್ಲ ಎನ್ನುವವರೂ ಇರುವರು. ಬೆಳಗಿನ ಚಹಾದಂಗಡಿಯ ಮಾತಿನಂತೆಯೇ.

ಒಂದು ಮಾತನ್ನು ಮಾತ್ರ ಎರಡೂ ಪಂಗಡದವರು ಒಪ್ಪುತ್ತಾರೆ. ಈ ಸಲ ಖಾನ್‌ನ ಹೆಸರನ್ನು ಯಾರೂ ಬಚ್ಚಿಡಲಿಲ್ಲ, ಶೀರ್ಷಿಕೆಯಲ್ಲೇ ಇತ್ತು.